ವ್ಯಾಪಾರಿಯ ಹಾಡು ಗೊತ್ತು, ಹಳ್ಳಿಯ ಹಾಡು ಗೊತ್ತೇ?



ನಮ್ಮ ರಿಟ್ರೀಟುಗಳಲ್ಲಿ ಜಾನ್ ನ್ಯೂಟನ್‌ನ ಕಥೆ ಕೇಳದವರು ಕಡಿಮೆ. ಗಿಟಾರ್ ಮೆಲ್ಲಗೆ ನುಡಿಯುತ್ತಿರುತ್ತದೆ, ಪರದೆಯ ಮೇಲೆ ಬಿರುಗಾಳಿಗೆ ಸಿಕ್ಕಿದ ಹಡಗು. ಗುಲಾಮರನ್ನು ಮಾರುವ ಒಬ್ಬ ಕಟುಕನಿದ್ದ, ನಡುಸಮುದ್ರದಲ್ಲಿ ಬಿರುಗಾಳಿ ಎದ್ದಿತು, ದೇವರಿಗೆ ಮೊರೆಯಿಟ್ಟ, ಬದುಕಿ ಉಳಿದ, ಅಲ್ಲಿಗೇ ಆ ಪಾಪದ ವ್ಯಾಪಾರ ಬಿಟ್ಟು ‘ಅಮೇಜಿಂಗ್ ಗ್ರೇಸ್’ ಬರೆದ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಹಾಡುವುದು.

ಈ ಕಥೆ ಸುಳ್ಳು. ಹಾಡಿನ ಬಗ್ಗೆ ನನ್ನ ತಕರಾರಿಲ್ಲ, ಕಥೆಯ ಬಗ್ಗೆ ಇದೆ.

ಬಿರುಗಾಳಿ ಎದ್ದದ್ದು 1748ರ ಮಾರ್ಚ್ ತಿಂಗಳಲ್ಲಿ. ಆ ಹಡಗಿನಲ್ಲಿ ಇದ್ದದ್ದು ಜೇನುಮೇಣ, ಆನೆದಂತ, ಬಣ್ಣದ ಮರ, ಗುಲಾಮರಲ್ಲ. ನ್ಯೂಟನ್ ಮೊರೆಯಿಟ್ಟದ್ದು ನಿಜ, ಆ ದಿನವನ್ನು ಅವನು ಕೊನೆಯವರೆಗೂ ನೆನೆದದ್ದೂ ನಿಜ. ಆದರೆ ಅದೇ ವರ್ಷ ಅವನು ಗುಲಾಮರನ್ನು ಸಾಗಿಸುವ ಇನ್ನೊಂದು ಹಡಗು ಹತ್ತಿದ. 1750ರಿಂದ 1754ರವರೆಗೆ ಮೂರು ಯಾನಗಳಿಗೆ ತಾನೇ ಕ್ಯಾಪ್ಟನ್ ಆಗಿದ್ದ. ಗಮನಿಸಿ, ಅವನು ಕ್ಯಾಪ್ಟನ್ ಆದದ್ದೇ ಮನಪರಿವರ್ತನೆಯ ನಂತರ! ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಅವರ ಕಾಲ ಕೆಳಗಿನ ಹಲಗೆಯ ಅಡಿಯಲ್ಲಿ ಸರಪಳಿ ಹಾಕಿಸಿಕೊಂಡ ಜನ ಮಲಗಿರುತ್ತಿದ್ದರು. ದಂಗೆಯ ಸಂಚಿದೆಯೆಂಬ ಗುಮಾನಿಯಲ್ಲಿ ಹುಡುಗರ ಹೆಬ್ಬೆರಳಿಗೆ ತಿರುಪಿನ ಇಕ್ಕಳ ಹಾಕಿಸಿ ಬಾಯಿ ಬಿಡಿಸಿದ್ದನ್ನು ಅವನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸತ್ತವರನ್ನು ಸಮುದ್ರಕ್ಕೆ ಹಾಕಿದ ದಿನವೂ ಆ ಪುಸ್ತಕದಲ್ಲಿ ದಾಖಲಾಗಿದೆ. ಅಲ್ಲಿ ಸತ್ತವರಿಗೆ ಹೆಸರಿಲ್ಲ, ನಂಬರ್ ಇದೆ.

1754ರಲ್ಲಿ ಅವನು ಸಮುದ್ರ ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ. ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದ, ಇನ್ನು ಯಾನ ಬೇಡವೆಂದು ವೈದ್ಯರು ಹೇಳಿದರು, ಬಿಟ್ಟ. 1764ರಲ್ಲಿ ಆಂಗ್ಲಿಕನ್ ಗುರುವಾದ. ಆ ಹಾಡು ಓಲ್ನಿ ಎಂಬ ಊರಿನ ಸಭೆಯಲ್ಲಿ ಕೇಳಿಬಂದದ್ದು 1773ರ ಹೊಸ ವರ್ಷದ ದಿನ. ಗುಲಾಮರ ವ್ಯಾಪಾರ ಪಾಪವೆಂದು ಪುಸ್ತಿಕೆ ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿ ನೋಡಿ: 40 ವರ್ಷ.

ನ್ಯೂಟನ್‌ನನ್ನು ಹಳಿಯುವುದಕ್ಕೆ ಇದನ್ನು ಬರೆಯುತ್ತಿಲ್ಲ. 1788ರ ಪುಸ್ತಿಕೆಯಲ್ಲಿ ಅವನು ತನಗೆ ತಾನು ರಿಯಾಯಿತಿ ಕೊಟ್ಟುಕೊಂಡಿಲ್ಲ. ಈ ನಿವೇದನೆ ಆದ ಅನ್ಯಾಯವನ್ನು ಸರಿಪಡಿಸಲಾರದಷ್ಟು ತಡವಾಗಿ ಬಂದಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೋಗಿ ಸಾಕ್ಷಿಯನ್ನೂ ಹೇಳಿದ. ಅವನು ತನ್ನ ಬಗ್ಗೆ ಹೇಳಿಕೊಂಡ ಸತ್ಯವನ್ನು ಅಳಿಸಿದವರು ನಾವು. ಯಾಕೆಂದರೆ ನಮಗೆ ಒಂದೇ ರಾತ್ರಿಯಲ್ಲಿ ಮುಗಿಯುವ ಪರಿವರ್ತನೆ ಬೇಕು, ಪ್ರವಚನ ಮುಗಿದು ಊಟದ ಗಂಟೆ ಹೊಡೆಯುವುದರೊಳಗೆ ಕಣ್ಣೀರು ಬರಬೇಕು.

ಆದರೂ ಇದು ಸಣ್ಣ ಸುಳ್ಳು. ದೊಡ್ಡದು ಬೇರೆ ಇದೆ. ಆ ಕಥೆಯಲ್ಲಿ ಹಡಗಿನ ತಳದಲ್ಲಿದ್ದವರು ಎಲ್ಲಿ? ಅವರ ಊರು ಯಾವುದು, ಮನೆಯಲ್ಲಿ ಯಾರಿದ್ದರು, ಆ ದಿನ ಒಲೆಯ ಮೇಲೆ ಏನು ಬೇಯುತ್ತಿತ್ತು? ನಾಟಕದ ಹಿಂದಿನ ಪರದೆಯ ಹಾಗೆ ಅವರನ್ನು ಇಳಿಬಿಟ್ಟಿದ್ದೇವೆ. ಮುಂದೆ ನಿಂತವನು ಒಬ್ಬ ಬಿಳಿಯ, ಅವನಿಗೆ ಸಿಕ್ಕ ಕ್ಷಮೆಯೇ ಕಥೆ. ಲಕ್ಷಾಂತರ ಜನರ ನರಕ ಒಬ್ಬನ ಆತ್ಮಸಾಕ್ಷಿಗೆ ಸಾಮಗ್ರಿಯಾಯಿತು.

ನ್ಯೂಟನ್ ವ್ಯಾಪಾರ ಮಾಡಿದ ತೀರ ಇಂದಿನ ಸಿಯೆರಾ ಲಿಯೋನ್, ಲೈಬೀರಿಯ ಕಡೆಯದು. ನಮ್ಮ ಪವರ್‌ಪಾಯಿಂಟ್‌ಗಳಲ್ಲಿ ಆಫ್ರಿಕ ಎಂದರೆ ಕಾಡು, ಹಸಿವು, ಹೊಟ್ಟೆ ಉಬ್ಬಿದ ಮಗು. ಆದರೆ ಅದು ಭತ್ತದ ನಾಡು, ಮಿತ್ರರೇ. ಪಶ್ಚಿಮ ಆಫ್ರಿಕಕ್ಕೆ ತನ್ನದೇ ಭತ್ತವಿದೆ. ಏಷ್ಯದಿಂದ ಹೋದದ್ದಲ್ಲ, ನೈಜರ್ ನದಿ ಒಳನಾಡಿನಲ್ಲಿ ಹರಡಿಕೊಳ್ಳುವ ಜೌಗಿನಲ್ಲಿ ಅಲ್ಲಿಯ ರೈತರೇ ಸುಮಾರು 3000 ವರ್ಷಗಳ ಹಿಂದೆ ಪಳಗಿಸಿದ ತಳಿ. ಕರಾವಳಿಯಲ್ಲಿ ಉಪ್ಪುನೀರು ನುಗ್ಗುವ ಕಾಂಡ್ಲಾ ಜೌಗಿಗೆ ಮಣ್ಣಿನ ಬದು ಕಟ್ಟಿ, ಮಳೆನೀರಿನಿಂದ ಉಪ್ಪು ತೊಳೆದು ಗದ್ದೆ ಮಾಡುತ್ತಿದ್ದರು. ಕಾಸರಗೋಡು, ಕಣ್ಣೂರು ಕಡೆಯ ಕೈಪಾಡು ಗದ್ದೆಗಳನ್ನೋ ಉತ್ತರ ಕನ್ನಡದ ಗಜನಿಗಳನ್ನೋ ಕಂಡವರಿಗೆ ಅದು ಎಂಥ ಕೆಲಸ, ಎಷ್ಟು ತಲೆಮಾರುಗಳ ತಿಳಿವಳಿಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರು ಮರದ ಒರಳಿನಲ್ಲಿ ಒನಕೆ ಹಾಕಿ ಕುಟ್ಟಿ, ಹುಲ್ಲಿನಿಂದ ಹೆಣೆದ ದುಂಡು ಮೊರದಲ್ಲಿ ಕೇರುತ್ತಿದ್ದರು. ಸಿಯೆರಾ ಲಿಯೋನ್‌ನ ಮೆಂಡೆ ಜನರಿಗೆ ಇಂದಿಗೂ ಬೇರೇನು ತಿಂದರೂ ಅನ್ನ ಉಣ್ಣದಿದ್ದರೆ ಅದು ಊಟವಲ್ಲ. ಇದರಲ್ಲಂತೂ ಅವರು ನಮ್ಮವರೇ!

ಈ ಜಾಣ್ಮೆಯೇ ಅವರಿಗೆ ಮುಳುವಾಯಿತು. ಅಮೆರಿಕದ ದಕ್ಷಿಣ ಕೆರೊಲೈನದ ಜೌಗಿನಲ್ಲಿ ಭತ್ತ ಬೆಳೆದು ಹಣ ಮಾಡಲು ಹೊರಟ ಜಮೀನ್ದಾರರಿಗೆ ಭತ್ತ ಬಲ್ಲ ಕೈಗಳು ಬೇಕಾಗಿದ್ದವು. ಸಿಯೆರಾ ಲಿಯೋನ್ ನದಿಯ ಬನ್ಸ್ ದ್ವೀಪದ ಕೋಟೆಯಿಂದ ಚಾರ್ಲ್ಸ್‌ಟನ್ ಬಂದರಿಗೆ ಅಂಥವರನ್ನು ಹಡಗು ಹಡಗಾಗಿ ಕಳಿಸಿದರು. ಆ ದ್ವೀಪದಲ್ಲಿ ಬಿಳಿಯ ಏಜೆಂಟರು ಕಾಲಕ್ಷೇಪಕ್ಕೆ ಗಾಲ್ಫ್ ಆಡುತ್ತಿದ್ದರು. ಒಂದು ಕಡೆ ಬೇಲಿಯೊಳಗೆ ಕೂಡಿಹಾಕಿದ ಜನ, ಇನ್ನೊಂದು ಕಡೆ ಗಾಲ್ಫ್. ‘ಕತ್ತಲೆಯ ಖಂಡ’ ಎಂಬ ಮಾತನ್ನು ಇನ್ನೂ ಬಳಸುವ ನಮ್ಮ ಭಾಷಣಕಾರರು ಕತ್ತಲೆ ಯಾವ ಕಡೆ ಇತ್ತೆಂದು ಹೇಳಲಿ.

ಹಿಡಿಯುವುದು ಹೇಗೆ ನಡೆಯುತ್ತಿತ್ತು? ಒಲಾಡಾ ಈಕ್ವಿಯಾನೊ 1789ರಲ್ಲಿ ಬರೆದ ಆತ್ಮಕಥೆಯಲ್ಲಿ ಅದರ ಚಿತ್ರವಿದೆ. ಇಂದಿನ ನೈಜೀರಿಯದ ಇಗ್ಬೊ ನಾಡಿನ ಹಳ್ಳಿ. ದೊಡ್ಡವರೆಲ್ಲ ದೂರದ ಹೊಲಕ್ಕೆ ಕೆಲಸಕ್ಕೆ ಹೋದಾಗ ಮಕ್ಕಳು ಅಂಗಳದಲ್ಲಿ ಸೇರಿ ಆಡುತ್ತಿದ್ದರು, ಅವರಲ್ಲೊಬ್ಬ ಮರ ಹತ್ತಿ ಕಾವಲು ಕೂರುತ್ತಿದ್ದ, ಮಕ್ಕಳ ಕಳ್ಳರು ಬಂದರೆ ಕೂಗಿ ಹೇಳಲು. ಆಟದ ಜೊತೆಗೇ ಕಾವಲು, ಎಂಥ ಬಾಲ್ಯ! ಒಂದು ದಿನ ಮನೆಯಲ್ಲಿ ಅವನೂ ತಂಗಿಯೂ ಇಬ್ಬರೇ ಇದ್ದರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು ಗೋಡೆ ಹಾರಿ ಬಂದು ಬಾಯಿ ಕಟ್ಟಿ ಎತ್ತಿಕೊಂಡು ಹೋದರು. ಅವನಿಗೆ ಆಗ ಸುಮಾರು 11 ವರ್ಷ. ಅಪ್ಪ ಅಮ್ಮನನ್ನು ಅವನು ಮತ್ತೆ ನೋಡಲಿಲ್ಲ. ಅವನು ಹುಟ್ಟಿದ್ದು ಅಮೆರಿಕದಲ್ಲಿರಬಹುದು ಎಂದು ಒಂದು ದೀಕ್ಷಾಸ್ನಾನದ ದಾಖಲೆ ಹಿಡಿದು ವಾದಿಸುವ ವಿದ್ವಾಂಸರಿದ್ದಾರೆ. ಇರಲಿ. ಆಗಲೂ ಅದು ತನ್ನ ಜನರ ಬಾಯಿಂದ ಅವನು ಕೇಳಿ ಕಟ್ಟಿದ ಚಿತ್ರವೇ. ಅವನು ದುಡಿದು, ಚಿಲ್ಲರೆ ವ್ಯಾಪಾರ ಮಾಡಿ, 1766ರಲ್ಲಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ. ಅವನೂ ಕ್ರೈಸ್ತ. ಬಿಡುಗಡೆಗಾಗಿ ಪುಸ್ತಕ ಬರೆದು ಊರೂರು ತಿರುಗಿದ ಈ ಕ್ರೈಸ್ತನ ಹೆಸರು ನಮ್ಮ ರಿಟ್ರೀಟಿನಲ್ಲಿ ಒಮ್ಮೆಯಾದರೂ ಬಂದಿದೆಯೇ?

ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ. ಆಚೆ ದಡದಲ್ಲಿ ಇಳಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷ ಸಮುದ್ರದ ಪಾಲು. 1781ರಲ್ಲಿ ಜಾಂಗ್ ಎಂಬ ಹಡಗಿನವರು ಕುಡಿಯುವ ನೀರು ಸಾಲದೆಂದು ಹೇಳಿ 130ಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ನೀರಿಗೆ ಎಸೆದರು. ಆಮೇಲೆ ಲಂಡನ್ನಿನ ಕೋರ್ಟಿನಲ್ಲಿ ನಡೆದದ್ದು ಕೊಲೆಯ ವಿಚಾರಣೆಯಲ್ಲ, ತಲೆಗೆ 30 ಪೌಂಡಿನಂತೆ ವಿಮೆಯ ಹಣ ಸಿಗಬೇಕೇ ಬೇಡವೇ ಎಂಬ ವ್ಯಾಜ್ಯ.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಅವರನ್ನು ಮಾರಿದವರು ಅವರವರೇ ಅಲ್ಲವೇ?” ವಾಟ್ಸಾಪಿನಲ್ಲಿ ಇದು ಬಹಳ ಓಡುವ ಮಾತು. ಹೌದು, ಡಹೋಮಿಯಂಥ ರಾಜ್ಯಗಳ ಅರಸರು ಯುದ್ಧಕೈದಿಗಳನ್ನು ಮಾರಿ ಬಂದೂಕು, ಬಟ್ಟೆ, ಮದ್ಯ ಪಡೆದರು. ಆ ಪಾಪ ಅವರ ತಲೆಯ ಮೇಲಿದೆ. ಆದರೆ ಯೋಸೇಫನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದವರು ಯಾರು? ಒಡಹುಟ್ಟಿದ ಅಣ್ಣಂದಿರು. ಅದರಿಂದ ಕೊಂಡವರು ಪುಣ್ಯವಂತರಾದರೇ? ಯೇಸುಸ್ವಾಮಿಯನ್ನು ಹಿಡಿದುಕೊಟ್ಟವನು ಜೊತೆಯಲ್ಲಿ ಉಂಡವನೇ. ಅದಕ್ಕೆ ಪಿಲಾತನ ಕೈ ಸ್ವಚ್ಛವಾಯಿತೇ? ವಿಮೋಚನಾಕಾಂಡದ 21ನೇ ಅಧ್ಯಾಯ, 16ನೇ ವಚನ ತೆರೆದು ನೋಡಿ. ಮನುಷ್ಯನನ್ನು ಕದ್ದವನಿಗೆ, ಮಾರಿದ್ದರೂ ಇನ್ನೂ ಕೈಯಲ್ಲೇ ಇಟ್ಟುಕೊಂಡಿದ್ದರೂ, ಮರಣದಂಡನೆ. ಬೈಬಲನ್ನು ಹಡಗಿನಲ್ಲಿ ಇಟ್ಟುಕೊಂಡು ಓಡಾಡಿದವರು ಈ ವಚನವನ್ನು ಓದಿರಲಿಲ್ಲವೇ?

ಇನ್ನು ನಮ್ಮಲ್ಲಿ ಕೆಲವರು ಮೆಲ್ಲಗೆ ನಗುತ್ತಿರಬಹುದು: ನ್ಯೂಟನ್ ಪ್ರೊಟೆಸ್ಟೆಂಟ್, ನಾವು ಕಥೋಲಿಕರು, ನಮಗೇನು? ಆ ನಗುವೂ ಬೇಡ. 1452ರಲ್ಲಿ ಮತ್ತು 1455ರಲ್ಲಿ ಜಗದ್ಗುರು ಐದನೆಯ ನಿಕೋಲಾಸರು ಪೋರ್ಚುಗಲ್‌ನ ರಾಜನಿಗೆ ಕೊಟ್ಟ ಪತ್ರಗಳಲ್ಲಿ ಮುಸಲ್ಮಾನರನ್ನೂ ಅನ್ಯಧರ್ಮೀಯರನ್ನೂ ಶಾಶ್ವತ ಗುಲಾಮಗಿರಿಗೆ ತಳ್ಳಲು ಅನುಮತಿ ಇದೆ. 1482ರಲ್ಲಿ ಪೋರ್ಚುಗೀಸರು ಇಂದಿನ ಘಾನಾದ ಎಲ್ಮಿನದಲ್ಲಿ ಕಟ್ಟಿದ ಕೋಟೆಗೆ ಇಟ್ಟದ್ದು ಸಂತ ಜಾರ್ಜರ ಹೆಸರು. ಮುಂದೆ ಆ ಕೋಟೆಯ ನೆಲಮಾಳಿಗೆಗಳಲ್ಲೇ ಜನರನ್ನು ತುಂಬಿದರು. ಅಲ್ಲೇ ಸಮೀಪದ ಕೇಪ್ ಕೋಸ್ಟ್ ಕೋಟೆಯಲ್ಲಿ, ಅದು ಇಂಗ್ಲಿಷರದು, ಗಂಡಸರ ಸೆರೆಮನೆಯ ಮೇಲೆಯೇ ಪ್ರಾರ್ಥನಾಲಯ. ಅಮೆರಿಕದ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು 1838ರಲ್ಲಿ 272 ಜನರನ್ನು, ಮಕ್ಕಳು ಮುದುಕರು ಸೇರಿ, ಲೂಸಿಯಾನಕ್ಕೆ ಮಾರಿದರು. ಆ ಹಣದ ಒಂದು ಪಾಲು ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ಮಾರಿದವರಲ್ಲಿ ದೀಕ್ಷಾಸ್ನಾನ ಪಡೆದವರಿದ್ದರು. ಅದೇ ಪಾತ್ರೆಯ ಪರಮಪ್ರಸಾದ ಸ್ವೀಕರಿಸಿದವರನ್ನು ಮಾರುವುದು ಎಂದರೆ ಏನೆಂದು ಒಂದು ನಿಮಿಷ ಸುಮ್ಮನೆ ಕೂತು ಯೋಚಿಸಿ.

ಧರ್ಮಸಭೆಯಲ್ಲಿ ಎದುರು ಮಾತು ಇರಲಿಲ್ಲವೆಂದಲ್ಲ. ಆ ಮಾತನ್ನು ಯಾರು ಆಡಿದರು ಎಂಬುದನ್ನೇ ನಾವು ಮರೆತಿದ್ದೇವೆ. ಮಧ್ಯ ಆಫ್ರಿಕದ ಕಾಂಗೊ ರಾಜ್ಯದ ಅರಸ ಮೊದಲನೆಯ ಅಫೊನ್ಸೊ ಕಥೋಲಿಕ. ಅವನ ಮಗ ಹೆನ್ರಿಕೆ ಬಿಷಪರೇ ಆಗಿದ್ದರು. ಅಫೊನ್ಸೊ 1526ರಲ್ಲಿ ಪೋರ್ಚುಗಲ್‌ನ ರಾಜನಿಗೆ ಬರೆದ ಪತ್ರ ಉಳಿದಿದೆ. ನಿಮ್ಮ ವ್ಯಾಪಾರಿಗಳು ದಿನವೂ ನಮ್ಮ ಜನರನ್ನು, ನಮ್ಮ ಬಂಧುಗಳನ್ನೂ ಕದ್ದೊಯ್ಯುತ್ತಿದ್ದಾರೆ, ನಾಡು ಬರಿದಾಗುತ್ತಿದೆ; ನಮಗೆ ಬೇಕಾದದ್ದು ಗುರುಗಳು, ಶಾಲೆಗೆ ಉಪಾಧ್ಯಾಯರು, ಬಲಿಪೂಜೆಗೆ ದ್ರಾಕ್ಷಾರಸ ಮತ್ತು ಹಿಟ್ಟು, ಬೇರೆ ಸರಕು ಬೇಡ ಎಂಬುದು ಅದರ ಸಾರ. ಅಫೊನ್ಸೊನೂ ಯುದ್ಧಕೈದಿಗಳನ್ನು ಮಾರಿದವನೇ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕ್ರೈಸ್ತನೊಬ್ಬ ಕ್ರೈಸ್ತನಿಗೆ ಬರೆದ ಆ ಪತ್ರದಿಂದ ವ್ಯಾಪಾರ ನಿಲ್ಲಲಿಲ್ಲ, ಬೆಳೆಯಿತು. 1680ರ ದಶಕದಲ್ಲಿ ಲೊರೆನ್ಸೊ ದ ಸಿಲ್ವ ಮೆಂಡೊನ್ಸ ಎಂಬ ಆಫ್ರಿಕ ಮೂಲದ ಶ್ರೀಸಾಮಾನ್ಯ, ಗುರುವಲ್ಲ ಬಿಷಪ್ ಅಲ್ಲ, ಕಪ್ಪು ಕಥೋಲಿಕರ ಭ್ರಾತೃಸಂಘಗಳ ಪರವಾಗಿ ರೋಮ್‌ಗೇ ಹೋಗಿ ದೂರು ಕೊಟ್ಟ. 1686ರಲ್ಲಿ ರೋಮ್‌ನ ಪವಿತ್ರ ಕಚೇರಿ ಅವನ ಪಕ್ಷದ ವಾದಗಳನ್ನು ಎತ್ತಿಹಿಡಿಯಿತು. ಕಾಗದದ ಮೇಲೆ. ಹಡಗುಗಳು ಓಡುತ್ತಲೇ ಇದ್ದವು. ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಈ ವ್ಯಾಪಾರವನ್ನು ಸ್ಪಷ್ಟವಾಗಿ ಖಂಡಿಸಿದ್ದು 1839ರಲ್ಲಿ, ಮೇರಿಲ್ಯಾಂಡಿನ ಮಾರಾಟದ ಮರುವರ್ಷ. ಎರಡನೆಯ ಜಾನ್ ಪಾಲರು ಸೆನೆಗಲ್‌ನ ಗೊರೆ ದ್ವೀಪದಲ್ಲಿ ನಿಂತು ಕ್ಷಮೆ ಬೇಡಿದ್ದು 1992ರ ಫೆಬ್ರುವರಿ 22ರಂದು. 1452ರ, 1455ರ ಆ ಪತ್ರಗಳು ಮಾನವರ ಸಮಾನ ಘನತೆಯನ್ನು ಎತ್ತಿಹಿಡಿಯಲಿಲ್ಲವೆಂದು ವ್ಯಾಟಿಕನ್ ಹೇಳಿದ್ದು 2023ರಲ್ಲಿ. ನ್ಯೂಟನ್‌ನ 40 ವರ್ಷ ಇದರ ಮುಂದೆ ಎಷ್ಟು?

ನನಗೆ ಈ ವಿಷಯದಲ್ಲಿ ಜಕ್ಕಾಯ ನೆನಪಾಗುತ್ತಾನೆ. ಅವನಿಗೆ ಬಿರುಗಾಳಿ ಬೇಕಾಗಲಿಲ್ಲ. ಸ್ವಾಮಿ ಮನೆಗೆ ಬಂದ ದಿನವೇ ಎದ್ದು ನಿಂತು, ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದ. ಲೆಕ್ಕ ಹೇಳಿದ! ಆಮೇಲೆ ಸ್ವಾಮಿ ಆ ಮನೆಗೆ ರಕ್ಷಣೆ ಬಂದಿತೆಂದರು. ಬ್ರಿಟನ್ 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದಾಗಲೂ ಪರಿಹಾರ ಕೊಟ್ಟಿತು, 2 ಕೋಟಿ ಪೌಂಡ್. ಯಾರಿಗೆ? ಗುಲಾಮರನ್ನು ಇಟ್ಟುಕೊಂಡಿದ್ದ ಒಡೆಯರಿಗೆ. ಬೆನ್ನ ಮೇಲೆ ಬರೆ ಇದ್ದವರಿಗೆ ಒಂದು ಬಿಡಿಗಾಸೂ ಇಲ್ಲ. ಆ ಸಾಲದ ಬಾಕಿ ಬ್ರಿಟನ್ನಿನ ಖಜಾನೆಯಿಂದ ತೀರಿದ್ದು 2015ರಲ್ಲಿ. ಜಕ್ಕಾಯನ ಲೆಕ್ಕವನ್ನು ತಲೆಕೆಳಗು ಮಾಡಿದ ಲೆಕ್ಕ ಇದು.

ನಮ್ಮ ಕಡೆಗೂ ಇದರ ಒಂದೆರಡು ಎಳೆಗಳು ಬರುತ್ತವೆ. ಚೌಕಾಬಾರ ಆಡುವ ಕವಡೆ ಗೊತ್ತಲ್ಲ? ಮಾಲ್ಡೀವ್ಸ್‌ನ ಆ ಕವಡೆ ಹಿಂದೂ ಮಹಾಸಾಗರದಿಂದ ಯೂರೋಪಿಗೆ ಹೋಗಿ, ಅಲ್ಲಿಂದ ಪಶ್ಚಿಮ ಆಫ್ರಿಕದ ತೀರದಲ್ಲಿ ಮನುಷ್ಯರನ್ನು ಕೊಳ್ಳುವ ನಾಣ್ಯವಾಯಿತು. ಗುಜರಾತಿನ, ಕೋರಮಂಡಲದ ನೇಕಾರರ ಬಟ್ಟೆಯೂ ಹಾಗೆಯೇ ಹೋಯಿತು. ನೇಯ್ದವನಿಗೆ ತನ್ನ ಬಟ್ಟೆಯ ಗತಿ ಗೊತ್ತಿರಲಿಕ್ಕಿಲ್ಲ. ಇನ್ನು ಹಳಿಯಾಳ, ಯಲ್ಲಾಪುರ ಕಡೆಯ ನಮ್ಮ ಸಿದ್ದಿ ಬಂಧುಗಳು. ಅವರಲ್ಲಿ ಬಹಳ ಮಂದಿ ಕಥೋಲಿಕರು. ಅವರ ಪೂರ್ವಜರು ಬಂದದ್ದು ಆಫ್ರಿಕದ ಪೂರ್ವ ತೀರದಿಂದ, ಹಲವರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದರು. ತೀರ ಬೇರೆ, ಹಡಗಿನ ಬಾವುಟ ಅದೇ. ಯುವ ಸಮಾವೇಶಕ್ಕೆ ಸಿದ್ದಿ ಹುಡುಗನೊಬ್ಬ ಬಂದರೆ “ಯಾವ ದೇಶ?” ಎಂದು ಕೇಳುವುದು, ಕೂದಲು ಮುಟ್ಟಿ ನೋಡುವುದು, ಕನ್ನಡ ಮಾತಾಡಿದರೆ ಬೆರಗಾಗುವುದು ನಮ್ಮಲ್ಲಿ ಇನ್ನೂ ಇದೆ. ಗಡಿಯಾಚೆ ಕೂತು “ನೀವು ಕನ್ನಡದವರಾ?” ಎಂದು ಕೇಳಿಸಿಕೊಂಡಾಗ ನೊಂದುಕೊಳ್ಳುವ ನಾವು ಕೇಳಬಾರದ ಪ್ರಶ್ನೆ ಅದು.

ಈಗ ಇನ್ನೊಂದು ಹಾಡಿನ ವಿಷಯ. 1930ರ ದಶಕದ ಆರಂಭದಲ್ಲಿ ಲೊರೆಂಜೊ ಟರ್ನರ್ ಎಂಬ ಆಫ್ರಿಕನ್ ಅಮೆರಿಕನ್ ಭಾಷಾವಿದ್ವಾಂಸರು ಜಾರ್ಜಿಯದ ಕರಾವಳಿಯ ಹ್ಯಾರಿಸ್ ನೆಕ್ ಎಂಬ ಹಳ್ಳಿಯಲ್ಲಿ ಅಮೆಲಿಯ ಡಾಲಿ ಎಂಬ ಹೆಂಗಸಿನ ಬಾಯಿಂದ ಕೆಲವೇ ಸಾಲಿನ ಹಾಡೊಂದನ್ನು ಧ್ವನಿಮುದ್ರಿಸಿಕೊಂಡರು. ಅದು ಇಂಗ್ಲಿಷ್ ಅಲ್ಲ. ಹಾಡುವವಳಿಗೇ ಅರ್ಥ ಗೊತ್ತಿಲ್ಲ. ಅಮ್ಮ ಕಲಿಸಿದ್ದಳು, ಅಮ್ಮನಿಗೆ ಅವಳ ಅಮ್ಮ. ಅದು ಮೆಂಡೆ ಭಾಷೆ ಎಂದು ಗೊತ್ತಾಯಿತು. ದಶಕಗಳ ನಂತರ ಸಂಶೋಧಕರು ಅದನ್ನು ಹಿಡಿದು ಸಿಯೆರಾ ಲಿಯೋನ್‌ನ ಹಳ್ಳಿ ಹಳ್ಳಿ ತಿರುಗಿದರು. ಕೊನೆಗೆ ಸೆನೆಹುನ್ ಗೊಲ ಎಂಬ ಸಣ್ಣ ಊರಿನಲ್ಲಿ ಬೆಂಡು ಜಬಾಟಿ ಎಂಬಾಕೆ ಆ ಹಾಡನ್ನು ಗುರುತಿಸಿ ತಾನೂ ಹಾಡಿದಳು. ಅವಳಿಗೆ ಕಲಿಸಿದ್ದು ಅಜ್ಜಿ. ಕಳೆದುಹೋದ ಬಂಧುಗಳು ಎಂದಾದರೂ ಬಂದರೆ ಈ ಹಾಡಿನಿಂದ ಅವರನ್ನು ಗುರುತಿಸಬಹುದು ಎಂದು ಅಜ್ಜಿ ಹೇಳಿದ್ದಳಂತೆ. ಅದು ಸಾವಿನ ಮನೆಯ ಹಾಡು. ಊರವರೆಲ್ಲ ಸಮಾಧಿಯ ಬಳಿ ಸೇರಿ, ಅನ್ನ ಬೇಯಿಸಿ, ಸತ್ತವರನ್ನು ಕಳಿಸಿಕೊಡುವಾಗ ಹೆಂಗಸರು ಹಾಡುತ್ತಿದ್ದದ್ದು. ಹೆಬ್ಬೆರಳಿನ ಇಕ್ಕಳ, ಹಡಗಿನ ತಳ, ಹರಾಜಿನ ಕಟ್ಟೆ, ಭತ್ತದ ಜೌಗು, ಇಷ್ಟನ್ನೂ ದಾಟಿ ಬಂದ ಒಬ್ಬಳ ಬಾಯಲ್ಲಿ ಅದು ಉಳಿದಿತ್ತು. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅಮೆಲಿಯಳ ಮಗಳು ಮೇರಿ ಮೊರಾನ್ 1997ರಲ್ಲಿ, ಅಂತರ್ಯುದ್ಧದಲ್ಲಿ ಸುಟ್ಟು ನೊಂದಿದ್ದ ಆ ಊರಿಗೆ ಹೋದಾಗ ಹಳ್ಳಿಯೇ ಎದುರು ಬಂದಿತು.

ಹಾಗಾದರೆ ನ್ಯೂಟನ್‌ನ ಹಾಡು ಬಿಡಬೇಕೇ ಎಂದು ಕೇಳುತ್ತೀರಿ. ಬೇಡ, ಹಾಡಿ. ಅಮೆರಿಕದ ಕಪ್ಪು ಸಭೆಗಳೇ ಅದನ್ನು ತಮ್ಮದಾಗಿಸಿಕೊಂಡು ಹಾಡುತ್ತವೆ, ಅವರಿಗಿಲ್ಲದ ಮಡಿ ನಮಗೇಕೆ? ಆದರೆ ಬಿರುಗಾಳಿಯ ಆ ಹಸಿ ಸುಳ್ಳನ್ನು ಇನ್ನು ಹೇಳಕೂಡದು. ಹೇಳುವುದಾದರೆ 40 ವರ್ಷದ ಲೆಕ್ಕವನ್ನೂ ಹೇಳಿ, ಇಕ್ಕಳವನ್ನೂ ಹೇಳಿ, ನಂಬರುಗಳನ್ನೂ ಹೇಳಿ. ಹೇಳಲು ಸಮಯವಿಲ್ಲದಿದ್ದರೆ ಕಥೆ ಬಿಟ್ಟು ಹಾಡಷ್ಟೇ ಹಾಡಿ.

ಫೆಬ್ರುವರಿ 8 ಸಂತ ಜೋಸೆಫಿನ್ ಬಖಿತಾ ಹಬ್ಬ, ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥಿಸುವ ದಿನ. ಸುಡಾನಿನ ಈ ಸಂತಳನ್ನು ಚಿಕ್ಕ ಹುಡುಗಿಯಾಗಿದ್ದಾಗ ಹಿಡಿದೊಯ್ದವರ ಕೈಯಲ್ಲಿ ಆಕೆ ತಂದೆತಾಯಿ ಇಟ್ಟ ಹೆಸರನ್ನೇ ಮರೆತಳು. ‘ಬಖಿತಾ’ ಎಂಬುದು ಅವಳನ್ನು ಕದ್ದವರೇ ಇಟ್ಟ ಹೆಸರು, ಅರ್ಥ ‘ಅದೃಷ್ಟವಂತೆ’. ಆ ದಿನ ನಮ್ಮ ಯುವ ಸಭೆಯಲ್ಲಿ ಅಫೊನ್ಸೊನ ಪತ್ರವನ್ನು ಕನ್ನಡದಲ್ಲಿ ಓದೋಣ. ಸೆನೆಹುನ್ ಗೊಲದ ಹಾಡಿನ ಬಗ್ಗೆ 1998ರಲ್ಲಿ ಬಂದ ‘ದಿ ಲ್ಯಾಂಗ್ವೇಜ್ ಯೂ ಕ್ರೈ ಇನ್’ ಎಂಬ ಸಾಕ್ಷ್ಯಚಿತ್ರವಿದೆ, ಒಂದು ಗಂಟೆಯೂ ಇಲ್ಲ. ಪ್ರೊಜೆಕ್ಟರ್ ಹೇಗೂ ಇದೆ. ಹಿರಿಯರನ್ನೂ ಕರೆಯೋಣ, ಸಾವಿನ ಮನೆಯ ಹಾಡು ಬಲ್ಲ ಅಜ್ಜಿಯಂದಿರು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ.